ನಡುರಾತ್ರಿ ಲಂಡನ್ನಿನಲ್ಲಿ ನಡೆಯಲು ಹೊರಡುವವರಿಗೆ

‘ಅಷ್ಟು ದೂರ ನಡೆಯೋಕಾಗುತ್ತಾ?’ ಎಲ್ಲರೂ ಮೊದಲು ಕೇಳುವುದು ಇದನ್ನೇ. ಆಗುತ್ತದೆ. ನಾಲ್ಕು ತಿಂಗಳು ಸರಿಯಾಗಿ ಅಭ್ಯಾಸ ಮಾಡಿದರೆ ಕಾಲು ತಾನಾಗಿಯೇ ದಾರಿಗೆ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ. ನಲವತ್ತು ಜನರಿಗೆ ಫೋನ್ ಮಾಡಿ, ‘ಸ್ತನ ಕ್ಯಾನ್ಸರ್‌ಗಾಗಿ ನಡೀತಿದ್ದೀನಿ, ದುಡ್ಡು ಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕಲ್ಲ, ಅಲ್ಲಿ. ಅದಕ್ಕೇ ಈ ಬರಹದಲ್ಲಿ ಶೂ, ಸಾಕ್ಸ್‌ಗಳಷ್ಟೇ ಜಾಗವನ್ನು ಕೇಳುವ ವಿಷಯಕ್ಕೂ ಕೊಟ್ಟಿದ್ದೇನೆ.

ನಾನು ಹೇಳುತ್ತಿರುವುದು ಲಂಡನ್ ಮೂನ್‌ವಾಕ್ ಬಗ್ಗೆ. ಮೇ ತಿಂಗಳ ಒಂದು ಶನಿವಾರ ರಾತ್ರಿ ಸಾವಿರಾರು ಜನ ಅಲಂಕಾರ ಮಾಡಿದ ಬ್ರಾ ತೊಟ್ಟು ಊರೊಳಗೆ ನಡೆಯುತ್ತಾರೆ. ಗಂಡಸರೂ ತೊಟ್ಟುಕೊಳ್ಳುತ್ತಾರೆ. ಇದು ಶುರುವಾದದ್ದು ಹೀಗೆ. 1996ರಲ್ಲಿ ನೀನಾ ಬರೋ ಎಂಬುವವರು ಹನ್ನೆರಡು ಜನ ಗೆಳೆಯರನ್ನು ಕಟ್ಟಿಕೊಂಡು, ಸ್ತನ ಕ್ಯಾನ್ಸರ್‌ಗೆ ಹಣ ಕೂಡಿಸಲು ನ್ಯೂಯಾರ್ಕ್ ಮ್ಯಾರಥಾನನ್ನು ಬ್ರಾ ತೊಟ್ಟು ನಡೆದರು. ಅದಾದ ಸ್ವಲ್ಪ ದಿನಕ್ಕೇ ಅವರಿಗೇ ಸ್ತನ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಚಿಕಿತ್ಸೆ ಮಾಡಿಸಿಕೊಂಡರು, ನಡಿಗೆ ಬಿಡಲಿಲ್ಲ. 1998ರಲ್ಲಿ ಲಂಡನ್ನಿನಲ್ಲಿ ಮೊದಲ ಮೂನ್‌ವಾಕ್ ಆಯಿತು. ನಡೆಸುವ ಸಂಸ್ಥೆಯ ಹೆಸರು ವಾಕ್ ದ ವಾಕ್.

ನನಗೆ ಇದು ಯಾಕೆ ಬೇಕಾಯಿತು ಅಂದರೆ, ನಮ್ಮ ದೊಡ್ಡವ್ವ. ಬಾಗಲಕೋಟೆ ಹತ್ತಿರದ ಹಳ್ಳಿ. ಒಂದು ಬೇಸಿಗೆ ರಜೆಯಲ್ಲಿ, ಹಿತ್ತಲಲ್ಲಿ ಬಟ್ಟೆ ಒಗೆಯುವಾಗ, ‘ಎದಿಯಾಗ ಒಂದು ಗಂಟಾಗೇತಿ, ಯಾರಿಗೂ ಹೇಳಬ್ಯಾಡವಾ’ ಅಂದಿದ್ದಳು. ನನಗಾಗ ಹದಿನಾರು. ನಾನು ಹೇಳಲಿಲ್ಲ. ಎಂಟು ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದಳು. ಅಷ್ಟರಲ್ಲಿ ತಡವಾಗಿತ್ತು.

ಎಷ್ಟು ದೂರ, ದುಡ್ಡು ಯಾರಿಗೆ

ಪೂರ್ತಿ ದೂರಕ್ಕೆ ಫುಲ್ ಮೂನ್ ಎನ್ನುತ್ತಾರೆ: 26.2 ಮೈಲಿ, ಅಂದರೆ ಮ್ಯಾರಥಾನಿನಷ್ಟೇ, 42 ಕಿಲೋಮೀಟರ್. ಅದಕ್ಕಿಂತ ಕಡಿಮೆ ದೂರದ್ದೂ ಇದೆ, ಹಾಫ್ ಮೂನ್. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಹಾಫ್ ಮೂನ್ ತಗೊಳ್ಳಿ ಅಂತಲೇ. ರಾತ್ರಿ ನಿದ್ದೆಗೆಟ್ಟು ನಡೆಯುವ ಒಂದು ಮೈಲಿ, ಹಗಲಿನ ಒಂದೂವರೆ ಮೈಲಿಗೆ ಸಮ ಅನ್ನಿಸುತ್ತದೆ.

ಹೆಸರು ಕೊಡುವ ಮುಂಚೆ ಎರಡು ವಿಷಯ ತಿಳಿದುಕೊಳ್ಳಿ. ಒಂದು, ಪ್ರವೇಶ ಶುಲ್ಕ ಬೇರೆ, ನೀವು ಕೂಡಿಸುವ ದೇಣಿಗೆ ಬೇರೆ. ಶುಲ್ಕ ಕಟ್ಟಿದ ಕೂಡಲೇ ‘ಕೊಟ್ಟಾಯಿತು’ ಎಂದುಕೊಳ್ಳಬೇಡಿ. ಎರಡು, ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ವಾಕ್ ದ ವಾಕ್ ಸಂಶೋಧನೆಗೂ ಕೊಡುತ್ತದೆ, ರೋಗಿಗಳ ಆರೈಕೆಗೂ ಕೊಡುತ್ತದೆ. ಕೀಮೋ ತಗೊಳ್ಳುವಾಗ ಕೂದಲು ಉದುರದಂತೆ ತಲೆಯನ್ನು ತಣ್ಣಗಿಡುವ ಯಂತ್ರಗಳಿವೆಯಲ್ಲ, ಅವನ್ನು ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಿಗೆ ಕೊಡಿಸಿದ್ದು ಇವರೇ. ನನ್ನ ಮಟ್ಟಿಗೆ ಎರಡೂ ಬೇಕಾದ ಕೆಲಸ. ಪೂರ್ತಿ ಸಂಶೋಧನೆಗೇ ಹೋಗಬೇಕು ಎನ್ನುವವರು ಕ್ಯಾನ್ಸರ್ ರಿಸರ್ಚ್ ಯುಕೆ ನಡೆಸುವ ರೇಸ್ ಫಾರ್ ಲೈಫ್ ನೋಡಬಹುದು. ಅದರಲ್ಲಿ 5 ಕಿಲೋಮೀಟರ್ ನಡೆದರೂ ಸಾಕು. ಆದರೆ ಅದು ಎಲ್ಲ ಬಗೆಯ ಕ್ಯಾನ್ಸರ್‌ಗೂ ಸೇರಿದ್ದು.

ಯಾವ ಸಂಸ್ಥೆಯೇ ಆಗಲಿ, ಇಂಗ್ಲೆಂಡಿನಲ್ಲಿ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ನಿನ ಪಟ್ಟಿಯಲ್ಲಿ ಅದರ ಲೆಕ್ಕಪತ್ರ ಸಿಗುತ್ತದೆ. ಹತ್ತು ನಿಮಿಷ ಕೂತು ಓದಿ. ಬೆಂಗಳೂರಲ್ಲೂ ಅಕ್ಟೋಬರ್ ಬಂತೆಂದರೆ ಗುಲಾಬಿ ಬಣ್ಣದ ನಡಿಗೆಗಳು ಸುಮಾರು ಇರುತ್ತವೆ. ಅಲ್ಲಿ ನಡೆಯುವವರೂ ಕೇಳಿ: ದುಡ್ಡು ಸಂಶೋಧನೆಗಾ, ಬಡ ರೋಗಿಗಳ ಚಿಕಿತ್ಸೆಗಾ, ಬರೀ ಟೀ-ಶರ್ಟು ಬ್ಯಾನರಿಗಾ? ಸರಿಯಾದ ಸಂಸ್ಥೆ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

‘ಸಂಶೋಧನೆಯಿಂದ ಏನಾಯ್ತು?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಿ. ನಾನು ಎರಡು ಉದಾಹರಣೆ ಹೇಳುತ್ತೇನೆ. ಟ್ಯಾಮೊಕ್ಸಿಫೆನ್ ಮಾತ್ರೆ ಹುಟ್ಟಿದ್ದು ಇಂಗ್ಲೆಂಡಿನ ಚೆಷೈರ್‌ನಲ್ಲಿ, 1962ರಲ್ಲಿ. ಅವರು ಹುಡುಕುತ್ತಿದ್ದುದು ಗರ್ಭ ತಡೆಯುವ ಮಾತ್ರೆ. ಅದಕ್ಕೆ ಅದು ಬರಲಿಲ್ಲ. ಆದರೆ ಸ್ತನ ಕ್ಯಾನ್ಸರ್‌ಗೆ ಕೆಲಸ ಮಾಡಿತು, ಇವತ್ತಿಗೂ ಲಕ್ಷಾಂತರ ಹೆಂಗಸರು ನುಂಗುತ್ತಿದ್ದಾರೆ. ಇನ್ನೊಂದು ನಮ್ಮ ದೇಶದ್ದು. ಮುಂಬೈಯ ಟಾಟಾ ಮೆಮೋರಿಯಲ್‌ನ ವೈದ್ಯರ ನೇತೃತ್ವದಲ್ಲಿ ಭಾರತದ 11 ಆಸ್ಪತ್ರೆಗಳಲ್ಲಿ 1,600 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಯಿತು. ಆಪರೇಷನ್‌ಗೆ ಸ್ವಲ್ಪ ಮುಂಚೆ ಗೆಡ್ಡೆಯ ಸುತ್ತ ಲಿಡೊಕೇನ್ ಚುಚ್ಚುವುದು, ಅಷ್ಟೇ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅಗ್ಗದ ಔಷಧಿಯದು. ಐದು ವರ್ಷದ ನಂತರ ನೋಡಿದರೆ, ಚುಚ್ಚಿಸಿಕೊಂಡವರಲ್ಲಿ ಬದುಕಿದ್ದವರು ನೂರಕ್ಕೆ 90, ಉಳಿದವರಲ್ಲಿ ನೂರಕ್ಕೆ 86. ದುಬಾರಿ ಔಷಧಿ ಕಂಪನಿಗಳು ಇಂಥ ಪ್ರಯೋಗಕ್ಕೆ ಯಾಕೆ ದುಡ್ಡು ಹಾಕುತ್ತವೆ ಹೇಳಿ? ಹಾಕಬೇಕಾದವರು ನಾವೇ.

ಕೇಳುವುದು

ಹೆಸರು ಕೊಟ್ಟ ದಿನವೇ ಒಂದು ಕಾಗದ ತಗೊಂಡು ನಲವತ್ತು ಹೆಸರು ಬರೆಯಿರಿ. ಫೋನಿನಲ್ಲಿ ಅಲ್ಲ, ಕಾಗದದ ಮೇಲೆ. ಆಫೀಸಿನವರು, ಮಕ್ಕಳ ಸ್ಕೂಲಿನ ತಾಯಂದಿರು, ಕನ್ನಡ ಬಳಗದವರು, ಬೀಗರು, ಮನೆ ಮಾಲೀಕರು, ಮೂಲೆಯ ಅಂಗಡಿಯವರು. ಆಮೇಲೆ ಇಂಟರ್ನೆಟ್ಟಿನಲ್ಲಿ ನಿಮ್ಮ ದೇಣಿಗೆಯ ಪುಟ ತೆರೆದು, ಮೊದಲ ದುಡ್ಡು ನೀವೇ ಹಾಕಿ. ಬರಿದಾದ ಪುಟಕ್ಕೆ ದುಡ್ಡು ಹಾಕಲು ಎಲ್ಲರೂ ಹಿಂಜರಿಯುತ್ತಾರೆ.

ವಾಟ್ಸಾಪ್ ಗುಂಪಿಗೆ ಒಂದೇ ಸಂದೇಶ ಹಾಕಿ ಸುಮ್ನೆ ಕೂತರೆ ಏನೂ ಬರುವುದಿಲ್ಲ. ಕೈ ಮುಗಿಯುವ ಚಿತ್ರಗಳು ಬರುತ್ತವೆ, ದುಡ್ಡು ಬರುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಿರಿ, ಹಿರಿಯರಿಗೆ ಫೋನ್ ಮಾಡಿ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

‘ಅಕ್ಕಾ, ಹೇಗಿದ್ದೀರಿ? ಮೇ ತಿಂಗಳಲ್ಲಿ ನಾನು ರಾತ್ರಿಯಿಡೀ ನಡೆಯುವ ಒಂದು ಕಾರ್ಯಕ್ರಮಕ್ಕೆ ಸೇರಿದ್ದೀನಿ. ಸ್ತನ ಕ್ಯಾನ್ಸರ್‌ಗೆ ಹಣ ಕೂಡಿಸೋದಕ್ಕೆ. ನಮ್ಮ ದೊಡ್ಡವ್ವ ಅದರಿಂದಲೇ ಹೋಗಿದ್ದು, ನಿಮಗೆ ಹೇಳಿರಲಿಲ್ಲ. ನಿಮಗೆ ಆಗುವುದಾದರೆ 10 ಪೌಂಡ್ ಹಾಕ್ತೀರಾ? ಆಗದಿದ್ದರೂ ಪರವಾಗಿಲ್ಲ, ಒಂದು ಸಂಜೆ ನನ್ನ ಜೊತೆ ವಾಕಿಂಗ್ ಬನ್ನಿ.’

ಇದರಲ್ಲಿ ಮೂರು ವಿಷಯ ಗಮನಿಸಿ. ಮೊತ್ತ ಹೇಳಿದ್ದೇನೆ, ಯಾಕೆಂದರೆ ‘ಕೈಲಾದಷ್ಟು’ ಅಂದರೆ ಎಷ್ಟು ಎಂದು ಜನ ಯೋಚಿಸುತ್ತಾ ಕೂರುತ್ತಾರೆ. ಆಗದು ಎನ್ನಲೂ ದಾರಿ ಬಿಟ್ಟಿದ್ದೇನೆ. ಮತ್ತೆ, ಸ್ತನ ಕ್ಯಾನ್ಸರ್ ಎಂದೇ ಬರೆದಿದ್ದೇನೆ. ‘ಮಹಿಳೆಯರ ಆರೋಗ್ಯ’ ಎಂದು ಸುತ್ತಿ ಬಳಸಿ ಬರೆಯಬೇಡಿ. ಬೇರೆ ಎಲ್ಲದರಲ್ಲೂ ನಿಮ್ಮ ಇಷ್ಟ, ಆದರೆ ಈ ಒಂದು ಮಾತನ್ನು ದಯವಿಟ್ಟು ಕೇಳಿ. ಆ ಪದ ಬರೆದ ಮೇಲೆ ನನಗೆ ಬಂದ ಉತ್ತರಗಳು ನಾನು ಎಣಿಸಿದ್ದೇ ಅಲ್ಲ. ಹತ್ತು ವರ್ಷದಿಂದ ಯುಗಾದಿ, ದೀಪಾವಳಿಗೆ ಪಕ್ಕದಲ್ಲೇ ಕೂತು ಊಟ ಮಾಡಿದ ಒಬ್ಬರು, ‘ನನಗೂ ಆಗಿತ್ತು, ಆರು ವರ್ಷವಾಯಿತು, ಇಲ್ಲಿ ಯಾರಿಗೂ ಗೊತ್ತಿಲ್ಲ’ ಎಂದು ಬರೆದರು. ಜೊತೆಗೆ 50 ಪೌಂಡ್.

ಅದಕ್ಕೇ ಇನ್ನೊಂದು ಎಚ್ಚರಿಕೆ. ಯಾರ ಕಾಯಿಲೆಯನ್ನೂ ಅವರ ಒಪ್ಪಿಗೆ ಇಲ್ಲದೆ ನಿಮ್ಮ ಪುಟದಲ್ಲಿ ಬರೆಯಬೇಡಿ, ನಡೆಯುವಾಗ ಬೆನ್ನ ಮೇಲೆ ಅವರ ಹೆಸರು ಅಂಟಿಸಿಕೊಳ್ಳಬೇಡಿ. ದೊಡ್ಡವ್ವನ ವಿಷಯ ಬರೆಯುವ ಮುಂಚೆ ನಾನು ಅವಳ ಮಗಳಿಗೆ ಫೋನ್ ಮಾಡಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರಿ. ಅವ್ವನ ಸೀರಿ ಒಂದು ಕಳಸ್ತೀನಿ, ಇಟ್ಟುಕೋ’ ಅಂದಳು.

ಬ್ರಿಟನ್ನಿನಲ್ಲಿ ಇರುವವರು ಗಿಫ್ಟ್ ಏಡ್ ಮರೆಯಬಾರದು. ಇಲ್ಲಿ ತೆರಿಗೆ ಕಟ್ಟುವವರು ದೇಣಿಗೆ ಕೊಡುವಾಗ ಆ ಚೌಕಕ್ಕೆ ಟಿಕ್ ಹಾಕಿದರೆ, ಪ್ರತಿ ಪೌಂಡ್‌ಗೆ 25 ಪೆನ್ಸ್ ಸರ್ಕಾರದಿಂದ ಸೇರುತ್ತದೆ. ಕೊಡುವವರ ಕೈಯಿಂದ ಒಂದು ಪೆನ್ನಿಯೂ ಜಾಸ್ತಿ ಹೋಗುವುದಿಲ್ಲ. ಊರಿಂದ ಅಣ್ಣ ಕಳಿಸಿದ ದುಡ್ಡಿಗೆ ಇದು ಸಲ್ಲುವುದಿಲ್ಲ. ನಾಲ್ಕು ಮನೆಯವರ ದುಡ್ಡು ಒಟ್ಟು ಮಾಡಿ ನಿಮ್ಮ ಹೆಸರಲ್ಲಿ ಹಾಕಿದರೂ ಸಲ್ಲುವುದಿಲ್ಲ, ಒಬ್ಬೊಬ್ಬರೂ ತಮ್ಮ ದುಡ್ಡನ್ನು ತಾವೇ ಹಾಕಬೇಕು. ಹಾಗೆಯೇ ನಿಮ್ಮ ಕಂಪನಿಯ ಎಚ್‌ಆರ್‌ನವರನ್ನು ಕೇಳಿ. ನೌಕರರು ಕೂಡಿಸಿದಷ್ಟೇ ದುಡ್ಡನ್ನು ತಾವೂ ಸೇರಿಸುವ ಕಂಪನಿಗಳು ಸುಮಾರಿವೆ, ಕೇಳುವವರು ಕಡಿಮೆ.

ಮೇ ತಿಂಗಳ ನಡಿಗೆಗೆ ಯುಗಾದಿ ಸರಿಯಾದ ಹೊತ್ತಿಗೆ ಬರುತ್ತದೆ. ಬಳಗದ ಕಾರ್ಯಕ್ರಮದಲ್ಲಿ ಒಂದು ಮೇಜು ಕೇಳಿ ಹಾಕಿಕೊಂಡು ಶೇಂಗಾ ಹೋಳಿಗೆ ಮಾರಿದೆ. ಒಂದು ಮಧ್ಯಾಹ್ನಕ್ಕೆ 186 ಪೌಂಡ್ ಆಯಿತು. ಶೇಂಗಾ, ಗೋಧಿ, ತುಪ್ಪ ಇದೆ ಎಂದು ದೊಡ್ಡದಾಗಿ ಬರೆದಿಡಿ, ಅಲರ್ಜಿ ಇರುವ ಮಕ್ಕಳು ಇರುತ್ತಾರೆ. ಮಾರಾಟದ ದುಡ್ಡಿಗೆ ಗಿಫ್ಟ್ ಏಡ್ ಇಲ್ಲ.

ಕಾಲು

ಜನವರಿಯಲ್ಲಿ ಶುರು ಮಾಡಿ. ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಚುರುಕಾಗಿ ನಡೆಯುವುದು, ಶನಿವಾರವೋ ಭಾನುವಾರವೋ ಒಂದು ಉದ್ದ ನಡಿಗೆ. ಉದ್ದ ನಡಿಗೆ 4 ಮೈಲಿಯಿಂದ ಶುರುವಾಗಲಿ, ವಾರಕ್ಕೆ ಒಂದೊಂದೇ ಮೈಲಿ ಏರಲಿ. ಹಾಫ್ ಮೂನ್‌ಗೆ 12 ಮೈಲಿವರೆಗೆ ಹೋದರೆ ಸಾಕು, ಫುಲ್ ಮೂನ್‌ಗೆ 20. ಅದಕ್ಕೆ ಹೊರಡುವವರು ಆಮೇಲಾಮೇಲೆ ಕೆಲವು ವಾರ ಎರಡು ಮೈಲಿ ಏರಿಸಬೇಕಾಗುತ್ತದೆ. ಕೊನೆಯ ಎರಡು ವಾರ ಇಳಿಸಿ. ವೇಗ ಎಷ್ಟಿರಬೇಕು ಅಂದರೆ, ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಂಡಿ ನೋವು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರನ್ನು ಕೇಳಿ.

ನನ್ನ ಮೆಚ್ಚಿನ ದಾರಿ ಪಟ್ನಿ ಸೇತುವೆಯಿಂದ ಥೇಮ್ಸ್ ನದಿ ಹಿಡಿದುಕೊಂಡು ಲ್ಯಾಂಬೆತ್ ಕಡೆಗೆ, ಆರು ಮೈಲಿ ಆಸುಪಾಸು. ಕೊನೆಗೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ ಸಿಗುತ್ತದೆ. 2015ರಲ್ಲಿ ನಿಲ್ಲಿಸಿದ್ದು. ಫೆಬ್ರವರಿಯ ಚಳಿಯಲ್ಲಿ ಅಲ್ಲಿಗೆ ಮುಟ್ಟಿ, ಪಕ್ಕದ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದು ವಾಪಸ್ ಹೊರಡುತ್ತಿದ್ದೆ. ಹೀಗೆ ಮುಟ್ಟಲು ಒಂದು ಗುರುತು ಇಟ್ಟುಕೊಳ್ಳಿ. ಬರೀ ಮೈಲಿ ಲೆಕ್ಕಕ್ಕೆ ಮಳೆಯಲ್ಲಿ ಯಾರಿಗೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಪಾದದ ವಿಷಯದಲ್ಲಿ ನನ್ನ ಗುರು ನಮ್ಮ ಕಾಕಾ. ಯುಗಾದಿ ಮುಂಚೆ, ಭಕ್ತರು ಹೆಗಲ ಮೇಲೆ ಹೊತ್ತೊಯ್ಯುವ ಮಲ್ಲಯ್ಯನ ಕಂಬಿ ಜೊತೆ ಶ್ರೀಶೈಲಕ್ಕೆ ಹಲವು ಸಲ ನಡೆದವರು. ‘ಹೊಸಾ ಕೆರವು ಹಾಕ್ಕೊಂಡು ಮಲ್ಲಯ್ಯನ ಕಡೆ ಹೊಂಡಬ್ಯಾಡ’ ಎಂದು ಫೋನಿನಲ್ಲೇ ಹೇಳಿದರು. ಅದೇ ಸೂತ್ರ. ಶೂ ಎರಡು ತಿಂಗಳ ಮುಂಚೆ ಕೊಳ್ಳಿ, ಸಂಜೆ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಇರಬೇಕು. ಕಾಟನ್ ಸಾಕ್ಸ್ ಬೇಡ. ಅದು ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಬೊಬ್ಬೆ ಏಳುವುದು ಅಲ್ಲಿಂದಲೇ. ನಡೆಯಲೆಂದೇ ಮಾಡಿದ ಸಿಂಥೆಟಿಕ್ ಅಥವಾ ಉಣ್ಣೆ ಮಿಶ್ರಿತ ಸಾಕ್ಸ್ ತಗೊಳ್ಳಿ. ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲೀನ್. ಎಲ್ಲಾದರೂ ಬಿಸಿಯಾಗಿ ಉರಿ ಶುರುವಾದರೆ ಆ ಕ್ಷಣವೇ ನಿಂತು ಪ್ಲಾಸ್ಟರ್ ಹಾಕಿ. ‘ಮುಂದಿನ ಮೈಲಿಗೆ ನೋಡೋಣ’ ಎಂದರೆ ಆಗ ನೋಡಲು ಬೊಬ್ಬೆ ಇರುತ್ತದೆ. ಎದ್ದ ಬೊಬ್ಬೆಯ ಚರ್ಮ ಕೀಳಬೇಡಿ.

ಬ್ರಾ

ಇದನ್ನು ಓದುತ್ತಾ ಮುಜುಗರ ಆಗುತ್ತಿರುವವರಿಗೆ ಹೇಳುತ್ತೇನೆ, ನನಗೂ ಆಗಿತ್ತು. ಬರೀ ಬ್ರಾದಲ್ಲೇ ನಡೆಯಬೇಕಿಲ್ಲ. ಉದ್ದ ತೋಳಿನ ಟೀ-ಶರ್ಟ್ ಹಾಕಿ ಅದರ ಮೇಲೆ ತೊಟ್ಟುಕೊಳ್ಳುವವರು ಬೇಕಾದಷ್ಟು ಜನ. ನಾನೂ ಹಾಗೇ ಮಾಡಿದೆ. ಮೇ ತಿಂಗಳಾದರೂ ರಾತ್ರಿ ಎರಡು ಗಂಟೆಗೆ ಲಂಡನ್ನಿನಲ್ಲಿ ಒಳ್ಳೆ ಚಳಿ ಇರುತ್ತದೆ.

ಒಳಗಡೆ ಅಳತೆಗೆ ಸರಿಯಾದ ಸ್ಪೋರ್ಟ್ಸ್ ಬ್ರಾ. ಇದಕ್ಕೆ ದುಡ್ಡು ಖರ್ಚು ಮಾಡಿ, ಅಂಗಡಿಯಲ್ಲಿ ಅಳೆಸಿಕೊಂಡು ಕೊಳ್ಳಿ. ಅಲಂಕಾರಕ್ಕೆ ಹಳೆಯದೊಂದು, ಒಂದು ಸೈಜ್ ದೊಡ್ಡದು.

ದೊಡ್ಡವ್ವನ ಇಳಕಲ್ ಸೀರೆ ಬಂತು. ಸೆರಗಿನ ಕೆಂಪು, ಅದರ ಮೇಲೆ ಬಿಳಿ ಹಲ್ಲು ಹಲ್ಲಿನ ತೋಪತೆನಿ. ಮಡಿಕೆಯಲ್ಲಿ ಸೀಳು ಬಿಟ್ಟಿತ್ತು, ಉಡುವ ಹಾಗಿರಲಿಲ್ಲ. ಕತ್ತರಿ ಹಿಡಿದು ಒಂದು ಸಂಜೆಯೆಲ್ಲಾ ಕೂತಿದ್ದೆ, ಕತ್ತರಿಸಲು ಕೈ ಬರಲಿಲ್ಲ. ಮರುದಿನ ಕತ್ತರಿಸಿದೆ. ಸೆರಗಿನ ತುಂಡುಗಳನ್ನು ಬ್ರಾದ ಬಟ್ಟಲಿಗೆ ಹೊಂದುವಂತೆ ನೆರಿಗೆ ಹಿಡಿದು ಕೈಯಲ್ಲೇ ಹೊಲಿದೆ. ನಡುವೆ ಒಂದು ಕಸೂತಿ ಗೋಪುರ, ಚಿಕ್ಕದು, ನೀಲಿ ದಾರದಲ್ಲಿ. ಅಂಚಿನ ಪಟ್ಟಿಯನ್ನು ಕೆಳಗೆ ಸುತ್ತಲೂ ಕೊಟ್ಟೆ. ತಪ್ಪಾಗಿದ್ದು ಅಲ್ಲೇ. ಆ ಗಟ್ಟಿ ಅಂಚು ಕಂಕುಳ ಹತ್ತಿರ ಬಂದಿತ್ತು, ಕೈ ಬೀಸಿದಾಗಲೆಲ್ಲಾ ತೋಳಿಗೆ ಉಜ್ಜುತ್ತಿತ್ತು. 8 ಮೈಲಿ ಅಭ್ಯಾಸ ಮುಗಿಸಿ ಟೀ-ಶರ್ಟ್ ತೆಗೆದರೆ ತೋಳಿನ ಒಳಭಾಗ ತರಚಿ ಕೆಂಪಾಗಿತ್ತು. ಎರಡೂ ಬದಿಯಿಂದ ನಾಲ್ಕು ನಾಲ್ಕು ಬೆರಳು ಅಂಚು ಬಿಚ್ಚಿ ತೆಗೆದೆ. ಆದ್ದರಿಂದ ಮಣಿ, ಚಮಕಿ, ಜರಿ ಏನೇ ಇದ್ದರೂ ಮುಂದುಗಡೆ ಮಾತ್ರ. ಭುಜದ ಪಟ್ಟಿಗೆ, ಪಕ್ಕಕ್ಕೆ, ಕಂಕುಳಿಗೆ ಏನೂ ಬೇಡ. ಪೂರ್ತಿ ವೇಷದಲ್ಲಿ ಒಂದು ಉದ್ದ ನಡಿಗೆ ಮಾಡಿ ನೋಡದೆ ಆ ರಾತ್ರಿಗೆ ಹೊರಡಬೇಡಿ.

ಆ ದಿನ, ಆ ರಾತ್ರಿ

ಶನಿವಾರ ಮಧ್ಯಾಹ್ನ ಪರದೆ ಎಳೆದು ಎರಡು ಗಂಟೆ ಮಲಗಿ. ನಿದ್ದೆ ಬರದಿದ್ದರೂ ಕಾಲು ಚಾಚಿ ಮಲಗಿರಿ. ಏಳು ಗಂಟೆಗೆ ಊಟ. ಅನ್ನ ಸಾರು, ಇಲ್ಲವೇ ಮೊಸರನ್ನ. ಖಾರ, ಕರಿದದ್ದು, ಕಾಳಿನ ಪಲ್ಯ ಬೇಡ.

ಸೊಂಟದ ಚೀಲದಲ್ಲಿ ಇಷ್ಟು: ಫೋನು, ಬ್ಯಾಂಕ್ ಕಾರ್ಡು, ಪ್ಲಾಸ್ಟರ್, ವ್ಯಾಸಲೀನ್ ಚಿಕ್ಕ ಡಬ್ಬಿ, ಒಂದೆರಡು ಪ್ಯಾಡ್, ಟಿಶ್ಯೂ, ಒಂದು ಜೊತೆ ಸಾಕ್ಸ್, ತೆಳು ಮಳೆ ಅಂಗಿ. ತಿನ್ನಲು ನಾನು ಒಯ್ದದ್ದು ಅಂಟಿನ ಉಂಡಿ. ಬಾಣಂತಿಯರಿಗೆ ಕೊಡುವುದೇ ಶಕ್ತಿಗೆ ಅಲ್ವಾ? ಮೂರು ಮೈಲಿಗೆ ಅರ್ಧ ಉಂಡಿಯಂತೆ ತಿಂದೆ. ಜೊತೆಗೆ ಉಪ್ಪು ಹಚ್ಚಿ ಹುರಿದ ಶೇಂಗಾ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ಮೈಯಲ್ಲಿ ಉಪ್ಪಿನಂಶ ಇಳಿದರೆ ತಲೆ ಸುತ್ತಿ ವಾಂತಿ ಬರುತ್ತದೆ. ಬಾಯಾರಿದಷ್ಟು ಕುಡಿಯಿರಿ, ನಡುನಡುವೆ ಉಪ್ಪಿನದು ಏನಾದರೂ ತಿನ್ನಿ.

ನಾನು ಹೋದ ವರ್ಷ ಎಲ್ಲರೂ ಸೇರಿದ್ದು ಕ್ಲಾಪ್‌ಹಮ್ ಕಾಮನ್ ಮೈದಾನದಲ್ಲಿ. ಕಾರು ತರಬೇಡಿ. ರಾತ್ರಿಯಿಡೀ ನಡೆದು ಬೆಳಿಗ್ಗೆ ಕಾರು ಓಡಿಸುವುದು ಅಪಾಯ. ಒಂದೊಂದು ಗುಂಪನ್ನು ಒಂದೊಂದು ಹೊತ್ತಿಗೆ ಬಿಡುತ್ತಾರೆ, ನಿಂತು ಕಾಯುವಾಗಲೇ ಚಳಿ ಹಿಡಿಯುವುದು. ಮೈ ಮುಚ್ಚಿಕೊಂಡಿರಿ. ಶೌಚಾಲಯದ ಸಾಲು ಉದ್ದ ಇರುತ್ತದೆ, ಹೊರಡುವ ಗಂಟೆಗೆ ಮುಂಚೆಯೇ ನಿಂತುಬಿಡಿ.

ಮೊದಲ ಮೂರು ಮೈಲಿ ಹಾಡು, ಕೂಗು, ಬಾರುಗಳಿಂದ ಹೊರಬಂದವರ ಚಪ್ಪಾಳೆ. ಆ ಹುರುಪಿನಲ್ಲಿ ಓಡಬೇಡಿ. ಮೂರು ಗಂಟೆ ಸುಮಾರಿಗೆ ಎಲ್ಲರ ಮಾತೂ ನಿಲ್ಲುತ್ತದೆ. ನದಿಯ ಪಕ್ಕ ಬರೀ ಶೂಗಳ ಸದ್ದು. ಕಾಲಿಗಿಂತ ಮನಸ್ಸು ಸೋಲುವ ಹೊತ್ತದು, ಆಗ ಜೊತೆಗೊಬ್ಬರು ಇರಬೇಕು. ನನ್ನ ಪಕ್ಕದಲ್ಲಿ ನಡೆಯುತ್ತಿದ್ದ ವಯಸ್ಸಾದ ಇಂಗ್ಲಿಷ್ ಹೆಂಗಸು ನನ್ನ ಇಳಕಲ್ ತುಂಡನ್ನು ನೋಡಿ, ಮುಟ್ಟಬಹುದಾ ಎಂದು ಕೇಳಿದರು. ಬೆರಳಲ್ಲಿ ಕಸೂತಿ ಸವರಿ, ಇದು ಯಾರದ್ದು ಎಂದರು. ನಾನು ಹೇಳಿದೆ. ಹಿತ್ತಲು, ಗಂಟು, ಎಂಟು ತಿಂಗಳು, ಎಲ್ಲಾ. ಅಷ್ಟು ಪೂರ್ತಿಯಾಗಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎರಡು ಮೈಲಿ ಹೋದದ್ದೇ ತಿಳಿಯಲಿಲ್ಲ.

ಐದು ಗಂಟೆಗೆ ಬೆಳಕಾಗುತ್ತದೆ. ಮುಗಿಸಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಿಧಾನಕ್ಕೆ ಓಡಾಡಿ, ಒಣ ಬಟ್ಟೆ ಹಾಕಿಕೊಳ್ಳಿ. ಮನೆಗೆ ಬಂದು ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗಿ. ಕಾಕಾ ಹೇಳಿದ್ದು, ಪಾದಕ್ಕೆ ಹರಳೆಣ್ಣೆ. ಬೊಬ್ಬೆ ಒಡೆದ ಕಡೆ ಮಾತ್ರ ಎಣ್ಣೆ ಬೇಡ.

ಆಮೇಲಿನ ವಾರ

ಕೊಡುತ್ತೇನೆ ಎಂದು ಇನ್ನೂ ಕೊಡದವರಿಗೆ ನೆನಪಿಸಿ. ನಡೆದ ಮೇಲಿನ ವಾರದಲ್ಲೇ ಎಷ್ಟೋ ಜನ ಕೊಡುತ್ತಾರೆ. ಕೊಟ್ಟ ಪ್ರತಿಯೊಬ್ಬರಿಗೂ ಧನ್ಯವಾದ ಬರೆಯಿರಿ, ಒಟ್ಟು ಎಷ್ಟಾಯಿತು ಎಂದು ತಿಳಿಸಿ. ಆ ಸಂದೇಶಕ್ಕೆ ನಾನು ಇನ್ನೆರಡು ಸಾಲು ಸೇರಿಸಿದೆ: ‘ಇಲ್ಲಿ 50 ದಾಟಿದ ಹೆಂಗಸರಿಗೆ 71 ಆಗುವವರೆಗೆ ಮೂರು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಮ್ಯಾಮೊಗ್ರಾಮ್‌ಗೆ, ಅಂದರೆ ಸ್ತನದ ಎಕ್ಸ್‌ರೇಗೆ, ಕರೆಯುವ ಪತ್ರ ಬರುತ್ತದೆ. ನಿಮ್ಮದು ಬಂತಾ, ಹೋದಿರಾ? ವಯಸ್ಸು ಎಷ್ಟೇ ಇರಲಿ, ಗಂಟು, ಚರ್ಮ ಸುಕ್ಕುಗಟ್ಟಿ ಒಳಗೆ ಎಳೆದಂತಾಗುವುದು, ತೊಟ್ಟಿನಲ್ಲಿ ಬದಲಾವಣೆ, ಕಂಕುಳಲ್ಲಿ ಊತ ಕಂಡರೆ ಪತ್ರಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ.’

ಮೂರು ದಿನದ ಮೇಲೆ ಪಕ್ಕದ ಬೀದಿಯ ಗೆಳತಿ ಫೋನ್ ಮಾಡಿದಳು. ಪತ್ರ ಬಂದು ವರ್ಷವಾಗಿದೆ, ಅಡುಗೆಮನೆಯ ಡ್ರಾದಲ್ಲಿದೆ, ಒಬ್ಬಳೇ ಹೋಗಲು ಮನಸ್ಸಾಗಲಿಲ್ಲ ಎಂದಳು. ಇಬ್ಬರೂ ಕೂತು ಅದರಲ್ಲಿದ್ದ ನಂಬರಿಗೆ ಕರೆ ಮಾಡಿದೆವು. ಮುಂದಿನ ಗುರುವಾರ ಹತ್ತೂವರೆಗೆ ಸಮಯ ಕೊಟ್ಟರು. ನಾನು ರಜೆ ಹಾಕಿ ಅವಳ ಜೊತೆ ಹೋದೆ.